ಅಮ್ಮನ ದನಿಯಿದ್ದ ಫೋಲ್ಡರ್

‘ಶುಕ್ರವಾರದೊಳಗೆ ನಿಮ್ಮ ಉತ್ತರ ಬೇಕು.’ ಮೇಲ್‌ನ ತಲೆಬರಹ ಓದಿದ್ದೇ ತಡ, ಅವಳಿಗೆ ಸಿಟ್ಟು ನೆತ್ತಿಗೇರಿತು.

ಅವಳು ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್. ಗಂಟಲಿನ ಆಪರೇಷನ್ ಆಗುವವರ ದನಿಯನ್ನು ಮೊದಲೇ ರೆಕಾರ್ಡ್ ಮಾಡಿಡುವುದು ಅವಳ ಕೆಲಸ. ಮೇಲ್ ಕಳಿಸಿದವನು ಅಲ್ಲಿಯ ಸರ್ವರ್ ನೋಡಿಕೊಳ್ಳುವವನು. ಅವಳ ಕಂಪ್ಯೂಟರ್ ಕೊಂಚ ಮುನಿದರೂ ಓಡಿ ಬರುತ್ತಿದ್ದ. ರಿಪೇರಿ ಐದು ನಿಮಿಷದ್ದು, ಮಾತು ಅರ್ಧ ಗಂಟೆಯದು. ಅವಳು ತಲೆಯೆತ್ತಿದರೆ ಸಾಕು, ಸಿಕ್ಕಿಬಿದ್ದ ಕಣ್ಣುಗಳನ್ನು ಗಡಿಬಿಡಿಯಲ್ಲಿ ಕೀಬೋರ್ಡ್‌ಗೆ ಇಳಿಸುತ್ತಿದ್ದ. ಅವಳಿಗೆ ನಗು ತಡೆಯುವುದೇ ಕಷ್ಟ.

ಹೋದ ವಾರ ಲಿಫ್ಟಿನ ಮುಂದೆ, ಮದುವೆಯಾಗೋಣವೇ ಎಂದು ಕೇಳಿಯೇಬಿಟ್ಟಿದ್ದ. ಯೋಚಿಸಲು ಸಮಯ ಬೇಕೆಂದಿದ್ದಳು. ಮನಸ್ಸು ಎಂದೋ ಒಪ್ಪಿತ್ತು. ಮಾತು ಕಳೆದುಕೊಂಡ ಅಮ್ಮನನ್ನು ಬಿಟ್ಟು ಹೋಗುವುದು ಹೇಗೆಂಬುದೊಂದೇ ಅಳುಕು. ಆಗಲೆಂದವನು ಈಗ ಗಡುವು ಹಾಕುತ್ತಿದ್ದಾನೆ. ಅವಳು ಮೇಲ್ ತೆರೆಯಲೇ ಇಲ್ಲ. ಕಾರಿಡಾರಿನಲ್ಲಿ ಎದುರಾದಾಗ ಮುಖ ತಿರುಗಿಸಿದಳು.

ಸೋಮವಾರ ನೋಡಿದರೆ ಫೋಲ್ಡರ್‌ನಲ್ಲಿ ಹಳೆಯ ದನಿಗಳು ಒಂದೂ ಇರಲಿಲ್ಲ. ಆರು ವರ್ಷದ ಹಿಂದೆ ಆಪರೇಷನ್ನಿಗೆ ಮುನ್ನ ರೆಕಾರ್ಡ್ ಮಾಡಿಟ್ಟಿದ್ದ ಅಮ್ಮನ ದನಿಯೂ ಇರಲಿಲ್ಲ.

ಅವನೇ ಬಂದು ಹೇಳಿದ. ಫೈಲುಗಳನ್ನಿಡುವ ಸಾಫ್ಟ್‌ವೇರನ್ನು ಶನಿವಾರ ಅಪ್‌ಗ್ರೇಡ್ ಮಾಡಿದ್ದ. ಎರಡು ವರ್ಷ ಯಾರೂ ತೆರೆಯದ ಫೈಲುಗಳನ್ನು ಅಳಿಸುವಂತೆ ಸೆಟ್ಟಿಂಗ್ ಹಾಕಿದ್ದ. ಯಾವುದನ್ನು ಉಳಿಸಬೇಕೆಂದು ಕೇಳಿದ್ದೇ ಅವಳು ತೆರೆಯದ ಆ ಮೇಲ್. ಜಾಗ ಸಾಲದೆ ಹಳೆಯ ಬ್ಯಾಕಪ್ಪಿನ ಮೇಲೆಯೇ ಹೊಸದನ್ನು ತುಂಬಿಸಿದ್ದ.

“ಉತ್ತರ ಕೊಡದ ಬೇರೆ ವಿಭಾಗದವರ ಹತ್ರ ನಾನೇ ಹೋಗಿ, ಅಳಿಸಬಹುದು ಅಂತ ಸಹಿ ತಗೊಂಡೆ. ನಿಮ್ಮ ರೂಮಿಗೆ ಬರೋಕೆ ಕಾಲೇ ಬರಲಿಲ್ಲ. ಒತ್ತಾಯ ಮಾಡೋಕೆ ಬಂದೆ ಅಂದ್ಕೋತೀರೇನೋ ಅಂತ. ಉತ್ತರ ಬರದೆ ಅಳಿಸಬಾರದಿತ್ತು. ತಪ್ಪು ನನ್ನದೇ.”

ಬೈಯಲು ಹೊರಟವಳು ಖಾಲಿ ಫೋಲ್ಡರಿನ ಕಡೆ ತಿರುಗಿದಳು. ಅಮ್ಮನ ದನಿ ಕೇಳುವ ಧೈರ್ಯವಿಲ್ಲದೆ ಅದನ್ನು ಒಮ್ಮೆಯೂ ತೆರೆಯದವಳು ತಾನೇ.

ಅವನು ಮೂರು ದಿನ ಡಿಸ್ಕುಗಳನ್ನು ಜಾಲಾಡಿದ. ರೋಗಿಗಳ ದನಿಗಳೆಲ್ಲ ಸಿಕ್ಕವು. ಅಮ್ಮನದು ಮಾತ್ರ ಬರೀ ಗೊರಗೊರ. ಗುರುವಾರ ಸಂಜೆ ಅವಳ ಮನೆಗೇ ಬಂದು, ಅಮ್ಮನೆದುರು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಕ್ಷಮೆ ಕೇಳಿದ.

ಅಮ್ಮ ಸ್ಲೇಟು ಎತ್ತಿಕೊಂಡು ನಿಧಾನವಾಗಿ ಬರೆದರು: ‘ರೆಕಾರ್ಡ್ ಮಾಡಿದ ದಿನ ಇವಳನ್ನ ಹೊರಗೆ ಕಳಿಸಿ ಒಬ್ಬಳೇ ಮಾತಾಡಿದ್ದೆ. ಏನು ಹೇಳಿದ್ದೆ ಅಂತ ನೆನಪಿದೆ.’

ಒರೆಸಿ ಮತ್ತೆ ಬರೆದು, ಸ್ಲೇಟನ್ನು ಮಗಳ ಕಡೆ ತಿರುಗಿಸಿದರು.

‘ಇಷ್ಟವಾದವನು ಸಿಕ್ಕರೆ ನನ್ನ ನೆಪ ಹೇಳಬೇಡ ಮಗಳೇ.’

ಆರು ವರ್ಷ ತಡೆದಿದ್ದ ಅಳುವೆಲ್ಲ ಅವಳಿಗೆ ಒಟ್ಟಿಗೇ ಬಂತು. ಇನ್ನು ಈ ಮಾತನ್ನು ಆ ದನಿಯಲ್ಲಿ ಕೇಳುವಂತಿರಲಿಲ್ಲ. ಎದ್ದು ಹೊರಟವನ ತೋಳನ್ನು ಹಿಡಿದು ನಿಲ್ಲಿಸಿದಳು.

“ನನಗೆ ಒಪ್ಪಿಗೆ. ಆದರೆ ಅಮ್ಮ ನಮ್ಮ ಜೊತೆಗೇ ಇರ್ತಾರೆ.”

ಅವನು ಅಮ್ಮನ ಕಡೆ ನೋಡಿದ. “ನಾನೇ ಇಲ್ಲಿಗೆ ಬಂದು ಇರ್ತೀನಮ್ಮ,” ಎಂದ, “ನೀವು ಸೇರಿಸಿಕೊಂಡ್ರೆ.”