ಕಿಟಕಿ ಪಕ್ಕದ ಹಾಸಿಗೆ

೧೯೮೪ರಲ್ಲಿ ಮಂಗಳೂರಿನ ಡಾಕ್ಟರ್ ಸರೋಜಿನಿ ಅಮೆರಿಕದ ಓಕ್‌ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ದೊಡ್ಡವರ ಚಿಕಿತ್ಸೆ, ಮಕ್ಕಳ ಚಿಕಿತ್ಸೆ ಎರಡರಲ್ಲೂ ಒಟ್ಟಿಗೆ ತರಬೇತಿ ಪಡೆಯುತ್ತಿದ್ದಳು. ಮಕ್ಕಳ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಯಾರನ್ನೂ ಮಲಗಿಸುತ್ತಿರಲಿಲ್ಲ. ಬಿಸಿಲು ಬಿದ್ದರೂ ಅದು ಕೊರೆಯುವಷ್ಟು ತಣ್ಣಗಿರುತ್ತಿತ್ತು. ಒಂದು ಮಧ್ಯಾಹ್ನ ನ್ಯುಮೋನಿಯಾ ಆದ ಮಗು ಬಂದಾಗ ಬೇರೆ ಹಾಸಿಗೆಯೇ ಇರಲಿಲ್ಲ.

"ಅಲ್ಲಿ ಬೇಡ ಡಾಕ್ಟ್ರೇ, ದೆವ್ವ ಇದೆಯಂತೆ," ಎಂದಳು ಮೈಸೂರು ಕಡೆಯ ನರ್ಸ್ ವಿಮಲಾ.

"ದೆವ್ವಕ್ಕೆಲ್ಲ ಬೆಡ್ಡು ಹಿಡಿದಿಡ್ಲಿಕ್ಕೆ ಆಗುದಿಲ್ಲ ವಿಮಲಾ."

ಮಗುವನ್ನು ಮಲಗಿಸಿ ಎದೆಗೆ ಸ್ಟೆತಸ್ಕೋಪ್ ಇಟ್ಟಳು. ಪುಟ್ಟ ಉಸಿರಿನ ಹಿಂದೆ ಮುದುಕರೊಬ್ಬರ ನಿಧಾನದ ಉಸಿರು ಗೊರಗುಟ್ಟುತ್ತಿತ್ತು. ಅವಳು ಸ್ಟೆತಸ್ಕೋಪ್ ತೆಗೆಯದೆ ಆ ಮುದಿ ಉಸಿರಿಗೇ ಹೇಳಿದಳು:

"ನಾನು ದೊಡ್ಡವರಿಗೂ ಡಾಕ್ಟರೇ. ಮಗು ಹುಷಾರಾಗುವವರೆಗೆ ಕಾಯಿರಿ. ಅದನ್ನು ಮುಟ್ಟಿದ್ರೆ ನೋಡಿ!"

ವಾರದಲ್ಲಿ ಮಗು ಚೇತರಿಸಿಕೊಂಡು ಮನೆಗೆ ಹೋಯಿತು. ಸರೋಜಿನಿ ಬರಿದಾದ ಹಾಸಿಗೆಗೆ ಸ್ಟೆತಸ್ಕೋಪ್ ಒತ್ತಿ, "ಈಗ ನೀವು ಜೋರಾಗಿ ಉಸಿರು ಎಳ್ಕೊಳ್ಳಿ," ಎಂದಳು.

ಹಾಸಿಗೆ ದೀರ್ಘವಾಗಿ ಉಸಿರೆಳೆದುಕೊಂಡಿತು.