ರಜೆ ದಿನದ ಮಷಿನ್

"ಪಂಪು ರಿಪೇರಿಗೆ ಅಂತ ಕರೆದ್ರೆ, ಚರಂಡಿಯಲ್ಲಿ ಕೈ ಅದ್ದಿಕೊಂಡು ಕೂತಿದ್ದೀರಲ್ಲ?"

ಲಾಂಡ್ರಿಯ ಒಡತಿ ಸೊಂಟಕ್ಕೆ ಕೈಯಿಟ್ಟು ಕೇಳಿದಳು. ಕುಕ್ಕರಗಾಲಿನಲ್ಲಿ ಕೂತಿದ್ದ ಮೆಕ್ಯಾನಿಕ್ ತಲೆಯೆತ್ತಿದ. ಬೈದವರನ್ನು ನೋಡಿ ನಗುವ ಜಾತಿಯ ಮನುಷ್ಯ.

"ಪಂಪು ಆಗ್ಲೇ ಸರಿಹೋಯ್ತು ಮೇಡಂ. ನೀವೂ ಒಂದ್ಸಲ ಕೈ ಇಟ್ಟು ನೋಡಿ."

ಬೇಡವೆಂದುಕೊಂಡೇ ಅವಳು ಕೈ ಇಟ್ಟಳು. ನೀರು ಬೆಚ್ಚಗಿತ್ತು. ಹೋಟೆಲಿನ ಬೆಡ್‌ಶೀಟುಗಳನ್ನು ಕೊನೆಯ ಸಲ ಜಾಲಿಸಿ ಬಿಟ್ಟ ಬಿಸಿನೀರು, ತಳ ಕಾಣುವಷ್ಟು ತಿಳಿ. ಇಷ್ಟು ವರ್ಷ ಅದು ಅವಳ ಕಣ್ಣೆದುರೇ ಹರಿದುಹೋಗಿತ್ತು.

"ದುಡ್ಡು ಕೊಟ್ಟು ಕಾಯಿಸಿ ಚರಂಡಿಗೆ ಸ್ನಾನ ಮಾಡಿಸ್ತಿದ್ದೀರಿ," ಅಂದ ಅವನು.

ಅವಳಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ತನ್ನೆದುರು ಯಾರಾದರೂ ತಮಾಷೆ ಮಾಡಿ ಎಷ್ಟು ಕಾಲವಾಯಿತು…

ಅಮ್ಮ ಮಗಳು ಒಂದೇ ಒಂದು ಪುಟ್ಟ ಮಷಿನ್ ಇಟ್ಟುಕೊಂಡು ಶುರುಮಾಡಿದ ಲಾಂಡ್ರಿ ಅದು. ಅಮ್ಮ ತೀರಿಕೊಂಡ ಮೇಲೆ ದೊಡ್ಡ ಮಷಿನ್‌ಗಳು ಬಂದವು, ಆಳುಕಾಳು ಬಂದರು. ವ್ಯಾಪಾರ ಬೆಳೆಯಿತು. ಮಹಡಿಯ ಮೇಲಿನ ಮನೆ ಮಾತ್ರ ಒಂದು ತಟ್ಟೆ, ಒಂದು ಲೋಟಕ್ಕೆ ಇಳಿಯಿತು.

ಈಗೊಂದು ದೊಡ್ಡ ಹೋಟೆಲು ಕೆಲಸ ಕೊಡುತ್ತೇನೆ ಎನ್ನುತ್ತಿತ್ತು, ಆದರೆ ರೇಟು ಇಳಿಸಬೇಕು. ರೇಟು ಇಳಿಸಿದರೆ ಇಸ್ತ್ರಿ ಕೋಣೆಯಿಂದ ಇಬ್ಬರನ್ನು ಬಿಡಿಸಬೇಕು. ಮೊದಲು ಹೋಗಬೇಕಾದವರು ಅಮ್ಮನ ಕಾಲದಿಂದಲೂ ಇರುವ ಇಸ್ತ್ರಿ ಅಕ್ಕ. ಆ ಯೋಚನೆಗೇ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಈ ನೀರನ್ನ ಮೊದಲ ಒಗೆತಕ್ಕೆ ಬಳಸ್ಬಹುದಾ?" ಅವಳು ಮೆಲ್ಲಗೆ ಕೇಳಿದಳು.

"ಧಾರಾಳವಾಗಿ. ನೀರು ಕಾಯಿಸೋ ಖರ್ಚು ಅರ್ಧ ಉಳಿಯುತ್ತೆ."

ಹಾಗೆ ಒಂದು ದಿನಕ್ಕೆಂದು ಬಂದವನು ದಿನವೂ ಬರತೊಡಗಿದ. ಇಬ್ಬರೂ ಮೂಲೆ ಮೂಲೆ ತಡಕಿದರು. ಹಬೆಯ ಪೈಪುಗಳು ಸುಮ್ಮನೆ ಗೋಡೆಯನ್ನು ಕಾಯಿಸುತ್ತಿದ್ದುದನ್ನು ಕಂಡವಳು ಅವಳೇ. ಹೋಟೆಲಿನವರು ಹರಿದಿದೆಯೆಂದು ಬಿಟ್ಟುಹೋದ ಕಂಬಳಿಗಳನ್ನು ಪೈಪಿಗೆ ಸುತ್ತಿಸಿದಳು. ನೀವೇ ಮೆಕ್ಯಾನಿಕ್ ಆಗಬೇಕಿತ್ತು ಅಂದ ಅವನು. ಆ ಒಂದು ಮಾತನ್ನು ಅವಳು ಮಹಡಿ ಹತ್ತುವಾಗಲೂ ಜೊತೆಗೆ ಒಯ್ದಳು.

ಎಲ್ಲಾ ಚೆನ್ನಾಗಿಯೇ ಇತ್ತು. ಆಮೇಲೆ ಎಡವಟ್ಟಾಯಿತು.

ಜಾಲಿಸುವ ತೊಟ್ಟಿ ತಗ್ಗಿನಲ್ಲಿತ್ತು. ಅದರ ನೀರನ್ನು ಮಷಿನ್‌ಗೆ ಏರಿಸಲು ಒಂದು ಮೋಟರು ಬೇಕು. ಹೊಸದನ್ನು ಕೊಂಡರೆ ಉಳಿಸಿದ್ದೆಲ್ಲ ಅದಕ್ಕೇ ಹೋಗುತ್ತಿತ್ತು. ಮೂಲೆಯಲ್ಲಿ ಸುಮ್ಮನೆ ಬಿದ್ದಿದೆ ಎಂದುಕೊಂಡು ಆ ಹಳೇ ಪುಟ್ಟ ಮಷಿನ್ನಿನ ಮೋಟರು ಬಿಚ್ಚಿ, ಒಂದು ಪಂಪಿಗೆ ಜೋಡಿಸಿಬಿಟ್ಟ. ನೀರು ಏರಿತು. ಖರ್ಚು ಇಳಿದು ಹೋಟೆಲಿನ ರೇಟು ಗಿಟ್ಟಿತು, ಇಸ್ತ್ರಿ ಅಕ್ಕನ ಕೆಲಸ ಉಳಿಯಿತು. ಅಕ್ಕ ಕಣ್ಣೊರೆಸಿಕೊಂಡು ಅವನ ತಲೆ ಸವರಿದರು.

"ಪೈಸೆ ಖರ್ಚಿಲ್ಲ ಮೇಡಂ!" ಎಂದು ಅವನು ಹೆಮ್ಮೆಯಿಂದ ತಿರುಗಿದ.

ಅವಳ ಮುಖ ಬಿಳಿಚಿಕೊಂಡಿತ್ತು.

ಆ ಮಷಿನ್ನಿನ ಗುಟ್ಟು ಯಾರಿಗೂ ಗೊತ್ತಿರಲಿಲ್ಲ, ಓದುವ ನಿಮಗೆ ಹೇಳುತ್ತೇನೆ. ರಜೆಯ ದಿನ, ಬಾಗಿಲು ಹಾಕಿದ ಮೇಲೆ, ಅವಳು ಅದರೊಳಗೆ ಒಂದೇ ಒಂದು ಟವೆಲ್ ಹಾಕಿ ಬಟನ್ ಒತ್ತುತ್ತಿದ್ದಳು. ಚಹಾ ಹಿಡಿದು ಎದುರಿಗೆ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಅದು ಗಡಗಡ ಎಂದು ಅರಚುತ್ತಿತ್ತು. ಹಿಂದೆ ಆ ಸದ್ದಿನ ಮೇಲೆ ಅಮ್ಮ ಮಗಳು ಕೂಗಿ ಕೂಗಿಯೇ ಮಾತಾಡುತ್ತಿದ್ದರು. ಆ ಸದ್ದಿರುವಷ್ಟು ಹೊತ್ತು ಅವಳಿಗೆ ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಎನಿಸುತ್ತಿತ್ತು.

ವಾಪಸ್ ಕೊಡಿ ಎಂದು ಕೇಳಬಹುದಿತ್ತಲ್ಲ ಅನ್ನುತ್ತೀರಿ. ಹೇಗೆ ಕೇಳುವುದು? ಆ ಮೋಟರಿನಿಂದಲೇ ಈಗ ಅಕ್ಕನ ಮನೆಯ ಒಲೆ ಉರಿಯುತ್ತಿತ್ತು. ನನಗೆ ಸದ್ದು ಬೇಕು, ನೀವು ಮನೆಗೆ ಹೋಗಿ ಎನ್ನಲು ಹೇಗೆ ಬಾಯಿ ಬರುತ್ತದೆ?

ನುಂಗಿಕೊಂಡಳು. ನುಂಗಿದ್ದು ಸಿಟ್ಟಾಗಿ ಅವನ ಮೇಲೆ ಹೊರಳಿತು. ಅವನು ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ಕೊನೆಗೆ, ಕೆಲಸ ಮುಗಿದಿದೆ, ನಾಳೆಯಿಂದ ಬರುವುದು ಬೇಡ ಅಂದಳು.

'ಏನು ತಪ್ಪು ಮಾಡಿದೆ?' ಎಂದು ಅವನು ಕೇಳಲಿಲ್ಲ. ಕೆಲಸ ಮುಗಿದ ಮೇಲೆ ಮೆಕ್ಯಾನಿಕ್ ಯಾರಿಗೆ ಬೇಕು ಅಂದುಕೊಂಡು ಹೊರಟುಹೋದ. ಆ ಅವಸರದಲ್ಲಿ ಸ್ಪ್ಯಾನರ್ ಮರೆತ.

ಅದನ್ನು ಒಯ್ಯಲು ಬಂದಾಗ ರಜೆ. ಪಕ್ಕದ ಬಾಗಿಲು ಓರೆಯಾಗಿತ್ತು. ಒಳಗೆ ಅವಳು ಸ್ಟೂಲಿನ ಮೇಲೆ ಕೂತಿದ್ದಳು. ಎದುರಿಗೆ ಜೀವವಿಲ್ಲದ ಮಷಿನ್, ಅದರೊಳಗೆ ಒಂದು ಟವೆಲ್. ಕೈಯಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು.

"ಮೇಡಂ… ಅದ್ರಲ್ಲಿ ಮೋಟರ್ ಇಲ್ವಲ್ಲ."

"ಗೊತ್ತು."

ಅವನು ಹೋಗಲಿಲ್ಲ. ಅವಳು ಅವನ ಕಡೆ ನೋಡದೆ, ಮಷಿನ್‌ಗೇ ಹೇಳುವಂತೆ ಎಲ್ಲವನ್ನೂ ಹೇಳಿದಳು. ಅಮ್ಮ, ಟವೆಲ್, ಸದ್ದು, ಎಲ್ಲವನ್ನೂ. ಅವನು ಪೂರ್ತಿ ಕೇಳಿದ. ಸ್ಪ್ಯಾನರ್ ತೆಗೆದುಕೊಂಡ. ಒಂದು ಮಾತೂ ಆಡದೆ ಹೊರಟುಹೋದ.

'ಹುಚ್ಚಿ ಅಂದುಕೊಂಡಿರ್ತಾನೆ…' ಅವತ್ತು ಮಹಡಿಯ ಮನೆ ಅವಳಿಗೆ ಎಂದಿಗಿಂತ ದೊಡ್ಡದಾಗಿ ಕಂಡಿತು.

ಮರುದಿನ ಬೆಳಿಗ್ಗೆ ಅವನು ಮತ್ತೆ ಹಾಜರು. ಇಸ್ತ್ರಿ ಅಕ್ಕನ ಪಕ್ಕ ನಿಂತು ಗೊಣಗಾಟ ಕೇಳುತ್ತಿದ್ದ. ಒಣಹಾಕಲು ಒದ್ದೆ ಬಟ್ಟೆ ಹೊತ್ತು ಹಿಂದಿನ ಜಗುಲಿಯ ಮೆಟ್ಟಿಲು ಹತ್ತಿ ಹತ್ತಿ ಹುಡುಗಿಯರ ಸೊಂಟ ಬಿದ್ದುಹೋಗಿದೆ, ಜಾಲಿಸಿದ ಮೇಲೆ ಬಟ್ಟೆ ಎರಡರಷ್ಟು ಭಾರ ಎಂದು ಅಕ್ಕ ಹೇಳುತ್ತಲೇ ಇದ್ದರು. ಅವನು ಆ ಮೆಟ್ಟಿಲುಗಳನ್ನು ನೋಡಿದ. ಮಷಿನ್‌ಗಳನ್ನು ನೋಡಿದ. ಮತ್ತೆ ಮೆಟ್ಟಿಲು ನೋಡಿದ.

"ಜಗುಲಿ ಎತ್ತರದಲ್ಲಿದೆ ಅಕ್ಕ!"

"ಅದನ್ನೇ ಅಲ್ವೇನೋ ನಾನು ಬೆಳಗಿಂದ ಹೇಳ್ತಿರೋದು?"

ಆ ವಾರದಲ್ಲೇ ಜಾಲಿಸುವ ತೊಟ್ಟಿ ಜಗುಲಿ ಏರಿತು. ಬಟ್ಟೆ ಒಣಗುವ ಜಾಗವೂ ಅಲ್ಲೇ. ಜಾಲಿಸಿದ ನೀರು ಯಾವ ಮೋಟರಿನ ಹಂಗೂ ಇಲ್ಲದೆ ತಾನಾಗಿ ಮಷಿನ್‌ಗೆ ಇಳಿಯತೊಡಗಿತು. ಅಷ್ಟು ಕರೆಂಟೂ ಉಳಿಯಿತು. ಬಿಚ್ಚಿದ ಮೋಟರು ಎಲ್ಲಿ ಎಂದು ಅವಳು ಕೇಳಿದರೆ, ಸರ್ವೀಸಿಗೆ ಹೋಗಿದೆ ಅಂದ. ಮುಖ ಕೊಟ್ಟು ಮಾತಾಡಲಿಲ್ಲ.

ರಜೆ ಬಂತು. ಅವಳು ಮಹಡಿಯಲ್ಲಿ ಒಂದೇ ಲೋಟ ತೊಳೆಯುತ್ತಿದ್ದಳು.

ಗಡ… ಗಡಗಡ… ಗಡಗಡಗಡ…

ಕೈಯಿಂದ ಲೋಟ ಜಾರಿತು. ಮೆಟ್ಟಿಲಿಳಿದು ಓಡಿದಳು. ಮಷಿನ್ ಕುಣಿಯುತ್ತಿತ್ತು. ಪಕ್ಕದಲ್ಲಿ ಅವನು ನಿಂತಿದ್ದ. ಸ್ಟೂಲು ಅವಳಿಗಾಗಿ ಖಾಲಿಯಿತ್ತು.

"ಅಕ್ಕ ಬೀಗದ ಕೈ ಕೊಟ್ರು!" ಅವನು ಸದ್ದಿನ ಮೇಲೆ ಕೂಗಿದ. "ಆದ್ರೆ ಮೇಡಂ, ಒಂದು ಟವೆಲ್‌ಗೆ ಇಷ್ಟೊಂದು ನೀರು, ಕರೆಂಟು… ಸುಮ್ನೆ ದಂಡ!"

ಅವಳು ಆರಿಸಲೆಂದು ಬಟನ್ ಕಡೆ ಕೈ ಚಾಚಿದಳು.

"ಅದಕ್ಕೇ ನನ್ನ ಎರಡು ಶರ್ಟೂ ಹಾಕಿದೀನಿ!"

ಅವಳು ಬಾಯಿಗೆ ಸೆರಗು ಹಿಡಿದಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. "ಅವತ್ತು ಯಾಕೆ ಏನೂ ಹೇಳ್ದೆ ಹೋದ್ರಿ?" ಅವಳೂ ಕೂಗಿದಳು. ಅಮ್ಮ ಹೋದ ಮೇಲೆ ಈ ಕೋಣೆಯಲ್ಲಿ ಅವಳು ಕೂಗಿದ್ದು ಅದೇ ಮೊದಲು.

"ನನ್ನ ರೂಮಿನ ನಲ್ಲಿ ಸೋರ್ತಿದೆ! ವರ್ಷ ಆಯ್ತು!"

"ಮೆಕ್ಯಾನಿಕ್ ಮನೆಯಲ್ಲೇ?"

ಆ ಹೊತ್ತಿಗೆ ಮಷಿನ್ ತನ್ನ ಸುತ್ತು ಮುಗಿಸಿ ನಿಂತಿತು. ಅವನ ದನಿ ಇಳಿಯಿತು.

"ಬೇಕಂತಲೇ ಬಿಟ್ಟಿದೀನಿ. ರೂಮಿಗೆ ಹೋದಾಗ ಟಪ್ ಟಪ್ ಅಂತಿದ್ರೆ… ಯಾರೋ ಇದ್ದಾರೆ ಅನ್ಸುತ್ತೆ. ಅವತ್ತು ನೀವು ಹೇಳ್ತಿದ್ರೆ, ನನ್ನ ಕಥೆಯನ್ನೇ ಕೇಳ್ತಿದೀನಿ ಅನ್ನಿಸ್ತು. ಮಾತೇ ಹೊರಡ್ಲಿಲ್ಲ."

ಅವಳು ಮಷಿನ್ನಿನ ಬಾಗಿಲು ತೆಗೆದಳು. ಟವೆಲ್ ಅವನ ಶರ್ಟಿನ ತೋಳಿಗೆ ಸುತ್ತಿಕೊಂಡಿತ್ತು. ಬಿಡಿಸಲು ಅವಳು ಆತುರಪಡಲಿಲ್ಲ.

"ಆ ನಲ್ಲಿ ರಿಪೇರಿ ಮಾಡ್ಲಾ?" ಅವನು ಕೇಳಿದ.

"ಮಾಡಿ," ಅಂದಳು ಅವಳು. "ಇನ್ನು ಯಾಕೆ ಸುಮ್ನೆ ನೀರು ದಂಡ?"

ಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ. ಅವಳು ಬಟನ್ ಕಡೆ ಕೈ ಚಾಚಲಿಲ್ಲ. ಎರಡು ಲೋಟ ಚಹಾ ತರಲು ಮಹಡಿ ಹತ್ತಿದಳು.