ಅವನು ಅಳಿಸದ ಸಾಲು

"ಈ ಎತ್ತಿಗೆ ಯಾವ ಇಂಜೆಕ್ಷನ್ ಹಾಕಿದ್ರಿ? ಹೇಳಿ!"

ಮರಾಠಿಯಲ್ಲಿ ತೂರಿಬಂದ ಆ ಪ್ರಶ್ನೆಗೆ ಬೈಕ್ ನಿಲ್ಲಿಸುತ್ತಿದ್ದ ದನದ ಡಾಕ್ಟರ್ ಬೆಚ್ಚಿ ತಿರುಗಿದ.

ಪುಣೆ ಹತ್ತಿರದ ತಳೇಗಾಂವ ದಾಭಾಡೆಯ ಕಾರ್ಖಾನೆಗಳ ಸಾಲು ಮುಗಿದ ಮೇಲೆ ಸಿಗುವ ಕಲ್ಲುಬಯಲು ಅದು. ಸುತ್ತಲಿನ ಹಳ್ಳಿಯವರು ಸತ್ತ ದನಗಳನ್ನು ತಂದು ಎಸೆಯುವ ಜಾಗ. ಉಸಿರು ಕಟ್ಟಿಸುವ ನಾತ. ಅದರ ನಡುವೆ ಮುಖಕ್ಕೆ ದುಪಟ್ಟಾ ಬಿಗಿದು, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಕುಳಿತಿದ್ದಳು ಒಬ್ಬ ಹುಡುಗಿ. ಅವಳ ಪಕ್ಕದಲ್ಲಿ ಸತ್ತ ಎತ್ತು, ಮುಂದೆ ಗೋಣಿಚೀಲದ ಮೇಲೆ ಸತ್ತ ರಣಹದ್ದು!

"ಯವ್ವಾ… ಎಲ್ಲಿಂದ ಬಂತಪ್ಪ ಈ ಪೀಡಾ!" ಅವನು ಬಾಯೊಳಗೇ ಗೊಣಗಿದ.

"ಪೀಡೆ ಅಂತ ಯಾರಿಗೆ ಹೇಳಿದ್ದು?"

ಅಯ್ಯೋ, ಕನ್ನಡ!

ಅವನ ಮುಖ ಕೆಂಪಾಯಿತು. "ನಿಮಗ ಕನ್ನಡ ಬರ್ತದೇನ್ರಿ?"

"ಬರ್ತದೆ. ಬೈಗುಳ ಅಂತೂ ಚೆನ್ನಾಗಿ ಅರ್ಥ ಆಗ್ತದೆ. ಈಗ ಹೇಳಿ, ಯಾವ ಇಂಜೆಕ್ಷನ್?"

"ನೋವಿಂದು. ಡೈಕ್ಲೋಫೆನಾಕ್. ಯಾಕ್ರಿ? ಎತ್ತು ಯಾಕ ಸತ್ತಿತು ಅಂತ ತಿಳ್ಕೊಳ್ಳಾಕ ನಾನ ಬಂದೀನಿ."

ಅವಳು ಎದ್ದು ನಿಂತಳು. ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಆ ಕಣ್ಣುಗಳಲ್ಲಿ ಬೆಂಕಿ!

"ಹಾಗಾದ್ರೆ ಈ ಹದ್ದನ್ನು ಕೊಂದದ್ದು ನೀವೇ."

"ಏ, ನಾಲಿಗಿ ಹಿಡದ ಮಾತಾಡ್ರಿ! ನಾ ಜೀವ ಉಳಸಾಂವ, ಕೊಲ್ಲಾಂವ ಅಲ್ಲ!"

ಹೀಗೆ ಶುರುವಾಯಿತು ಹರಿಣಾಕ್ಷಿ ಮತ್ತು ಬಸವಪ್ರಭುವಿನ ಕಥೆ. ಅದು 2004ರ ಡಿಸೆಂಬರ್.

ಹರಿಣಾಕ್ಷಿ ಪುಣೆಯ ಸದಾಶಿವ ಪೇಠದ ಹೋಟೆಲ್ ಭುಜಂಗಣ್ಣನ ಒಬ್ಬಳೇ ಮಗಳು. ಅಪ್ಪ ಕುಂದಾಪುರದ ಕಡೆಯಿಂದ ಬಂದು, ಲೋಟ ತೊಳೆಯುವುದರಿಂದ ಶುರು ಮಾಡಿ ಸ್ವಂತ ಹೋಟೆಲ್ ಕಟ್ಟಿದವರು. ಮಗಳು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ರಣಹದ್ದುಗಳ ಸಂಶೋಧನೆಗೆ ಇಳಿದಾಗ ಅವರಿಗೆ ತಲೆಬಿಸಿ.

"ಗಿರಾಕಿಗಳು ಕೇಳ್ತಾರೆ, ಮಗಳು ಎಂತ ಮಾಡ್ತಾಳೆ ಅಂತ. ಸತ್ತ ದನ ಕಾಯ್ತಾಳೆ ಅಂತ ಹೇಳುವುದಾ?"

"ಹೇಳಿ ಅಪ್ಪಾ. ತಪ್ಪೆಂತ ಉಂಟು?" ಎಂದು ನಗುತ್ತಿದ್ದಳು. ನಕ್ಕರೂ ಆ ಮಾತು ಎದೆಯಲ್ಲಿ ಚುಚ್ಚುತ್ತಿತ್ತು.

ಬಸವಪ್ರಭು ಅದೇ ಊರಿನ ಧನಕವಡಿ ಬಡಾವಣೆಯವನು. ಅಪ್ಪ ಸಿದ್ರಾಮಪ್ಪ ವಿಜಾಪುರದ ಕಡೆಯಿಂದ ಗುಮಾಸ್ತರಾಗಿ ಪುಣೆಗೆ ಬಂದವರು. ಮಗ ದನದ ಡಾಕ್ಟರ್ ಆಗಿ ತಳೇಗಾಂವದಲ್ಲಿ ಒಂದು ಕೋಣೆಯ ದವಾಖಾನೆ ಇಟ್ಟಿದ್ದ. ಯಾವ ಹೊತ್ತಿನಲ್ಲಿ ಯಾವ ಹಳ್ಳಿಯವರು ಕರೆದರೂ ಹೋಗುವವನು. ತನ್ನ ಕೈಗುಣದ ಬಗ್ಗೆ ಅವನಿಗೆ ಹೆಮ್ಮೆ ಇತ್ತು. ಅದಕ್ಕೇ ಆ ದಿನ ಅವಳ ಮಾತು ಅಷ್ಟು ನಾಟಿದ್ದು.

ಜಗಳ ಮುಗಿಸಿ ಹೊರಟವನು ಮೂರನೇ ದಿನ ತಾನಾಗಿಯೇ ಆ ಬಯಲಿಗೆ ಮರಳಿ ಬಂದ.

"ಮೇಡಮ್, ನೀವು ಹೇಳಿದ್ದು ನಿದ್ದಿಗೆಡಸ್ತು. ಎಲ್ಲಾ ಬಿಡಿಸಿ ಹೇಳ್ರಿ. ಸುಳ್ಳಾಗಿದ್ರ ಇಲ್ಲೇ ಜಗಳ ತಗೀತೀನಿ."

ಅವಳು ಬಂಡೆಯ ಮೇಲೆ ಕುಳಿತು ಹೇಳಿದಳು. ಆ ವರ್ಷವೇ ಹೊರದೇಶದ ಸಂಶೋಧಕರು ಪತ್ತೆ ಹಚ್ಚಿದ್ದರು. ಡೈಕ್ಲೋಫೆನಾಕ್ ಕೊಟ್ಟ ದನ ಕೆಲವೇ ದಿನಗಳಲ್ಲಿ ಸತ್ತರೆ ಔಷಧಿ ಅದರ ಮೈಯಲ್ಲೇ ಉಳಿದಿರುತ್ತದೆ. ಆ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು, ಅದು ಕತ್ತು ಜೋಲಿಸಿ ಸಾಯುತ್ತದೆ.

"ಹದ್ದು ಸತ್ರೆ ನಮಗೇನು ಅಂತ ಕೇಳಬೇಡಿ ಡಾಕ್ಟ್ರೇ. ಮೊದಲು ಒಂದು ಎತ್ತನ್ನು ಹದ್ದುಗಳು ಒಂದೇ ಗಂಟೆಯಲ್ಲಿ ಮುಗಿಸ್ತಿದ್ವು. ಈಗ ಹೆಣ ವಾರಗಟ್ಟಲೆ ಕೊಳೀತದೆ. ಅಲ್ಲಿ ನೋಡಿ, ನಾಯಿಗಳು ಎಷ್ಟು ಹೆಚ್ಚಾಗಿವೆ! ನಾಳೆ ಅವು ಕಚ್ಚುವುದು ಯಾರನ್ನು?"

ಬಸವಪ್ರಭು ಆ ನಾಯಿಗಳ ಕಡೆ ನೋಡಿದ. ತಾನು ಎಷ್ಟು ಸೂಜಿ ಚುಚ್ಚಿದ್ದ… ಎಷ್ಟು ವರ್ಷ…

ಆಮೇಲೆ ಬೈಕಿನ ಚೀಲದಿಂದ ದಪ್ಪ ರಜಿಸ್ಟರ್ ತೆಗೆದು ಅವಳ ಕೈಗಿಟ್ಟ.

"ಯಾವ ದನಕ್ಕ, ಯಾವತ್ತು, ಏನು ಕೊಟ್ಟೀನಿ, ಎಲ್ಲಾ ಇದರಾಗ ಅದ. ನನ್ನ ತಪ್ಪೂ ಅದ. ತಗೋರಿ."

ಹರಿಣಾಕ್ಷಿ ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಅವಳು ಅಲೆದ ಹನ್ನೆರಡು ಹಳ್ಳಿಗಳಲ್ಲಿ ಒಬ್ಬ ಡಾಕ್ಟರೂ ಅವಳಿಗೆ ಒಂದು ಹಾಳೆ ತೋರಿಸಿರಲಿಲ್ಲ!

"ಇವತ್ತಿಂದ ಆ ಸೂಜಿ ಮುಟ್ಟೂದಿಲ್ಲ," ಅಂದ ಅವನು. "ಮಾತು ಕೊಟ್ಟೆ."

ಒಂದು ವರ್ಷ ಇಬ್ಬರೂ ಜೊತೆಯಾಗಿ ದುಡಿದರು. ರಣಹದ್ದಿಗೆ ಅಪಾಯ ಮಾಡಲಿಕ್ಕಿಲ್ಲ ಎಂದು ಆಗಿನ್ನೂ ಪರೀಕ್ಷೆ ನಡೆಯುತ್ತಿದ್ದ ಬೇರೊಂದು ನೋವಿನ ಔಷಧಿಯನ್ನು ಬಸವಪ್ರಭು ಬಳಸತೊಡಗಿದ. ದನಗಳಿಗೆ ಅದು ಎಷ್ಟು ನಾಟುತ್ತದೆ ಎಂದು ಸಾಲು ಸಾಲಾಗಿ ಬರೆದ. ಹರಿಣಾಕ್ಷಿ ಪ್ರತಿ ಭಾನುವಾರ ಲೋಕಲ್ ರೈಲು ಹಿಡಿದು ಬಂದು ಎಲ್ಲವನ್ನೂ ನಕಲು ಮಾಡಿಕೊಳ್ಳುತ್ತಿದ್ದಳು. ಆಮೇಲೆ ಇಬ್ಬರೂ ಬೆಟ್ಟದ ಕಡೆಗೆ ಹೋಗಿ ಬಂಡೆಗೋಡೆಯಲ್ಲಿ ಕೂತ ಹದ್ದುಗಳನ್ನು ಎಣಿಸುತ್ತಿದ್ದರು.

"ಹತ್ತೊಂಬತ್ತು."

"ಇಪ್ಪತ್ತು ಅದಾವ್ರಿ. ಆ ಸಂದಿನೊಳಗ ಒಂದು ಮುದುಕ ಕುಂತದ ನೋಡ್ರಿ."

"ಅದು ಮುದುಕ ಅಂತ ಹೇಗೆ ಗೊತ್ತು?"

"ನಮ್ಮಪ್ಪನ ಗತೆ ಹೆಗಲು ಇಳಿಬಿಟ್ಟದ!"

ಅವಳು ನಕ್ಕು ನಕ್ಕು ದುರ್ಬೀನು ಕೈಜಾರಿಸಿದಳು. ಅವನು ಹಿಡಿದು ಕೊಡುವಾಗ ಬೆರಳು ತಾಗಿತು… ಅವತ್ತು ಅವಳ ಎಣಿಕೆ ಮೂರು ಸಲ ತಪ್ಪಿತು.

*ಇವನು ನನ್ನ ಕೆಲಸವನ್ನು ನಾತ ಅನ್ನಲಿಲ್ಲ. ಒಂದು ದಿನವೂ!*

ಆದರೆ ಬಾಯಿಬಿಟ್ಟು ಹೇಳಲು ಇಬ್ಬರಿಗೂ ಧೈರ್ಯ ಬರಲಿಲ್ಲ.

2006ರ ಫೆಬ್ರುವರಿ. ಎಂದಿನಂತೆ ಭಾನುವಾರ ರಜಿಸ್ಟರ್ ನಕಲು ಮಾಡುತ್ತಿದ್ದ ಹರಿಣಾಕ್ಷಿಯ ಪೆನ್ನು ಒಂದು ಸಾಲಿನ ಮೇಲೆ ನಿಂತುಹೋಯಿತು.

'ತಿಪ್ಪವ್ವನ ಆಕಳು. ಕೆಚ್ಚಲು ಬಾವು. ಡೈಕ್ಲೋಫೆನಾಕ್. ಎರಡನೇ ದಿನ ಸತ್ತಿತು.'

ಅವಳು ರಜಿಸ್ಟರನ್ನು ಅವನ ಕಡೆ ತಿರುಗಿಸಿದಳು.

"ಇದು… ಇದು ಎಂತ ಡಾಕ್ಟ್ರೇ?"

ಬಸವಪ್ರಭು ತಲೆ ಎತ್ತಲಿಲ್ಲ. ಅವನ ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. ಸಿಟ್ಟಿನಲ್ಲಿ ಅವಳು ಅದನ್ನು ಗಮನಿಸಲೇ ಇಲ್ಲ.

"ಓದಿದ್ರಲ್ಲ. ಅದ."

"ನೀವು ಮಾತು ಕೊಟ್ಟಿದ್ರಿ!"

"ಕೊಟ್ಟಿದ್ದೆ. ಮುರದೆ. ಬರದೀನಿ."

"ಅಷ್ಟೇನಾ? ಬೆಟ್ಟದಲ್ಲಿ ಉಳಿದಿರುವುದೇ ಇಪ್ಪತ್ತು. ಆ ಒಂದು ಆಕಳನ್ನು ಅಷ್ಟೂ ತಿಂದ್ರೆ? ಒಂದು ವರ್ಷಕ್ಕೂ ಮೇಲೆ ನಾನು ನಂಬಿದ್ದು ಇದನ್ನೇನಾ? ನಿಮ್ಮ ಮಾತಿಗೆ ಬೆಲೆಯೇ ಇಲ್ಲ!"

ಅವನ ಮುಖ ಕಲ್ಲಾಯಿತು.

*ಯಾಕ ಕೊಟ್ಟೆ ಅಂತ ಒಂದು ಮಾತು ಕೇಳಲಿಲ್ಲ ಈಕಿ…*

"ಬೆಲಿ ಇಲ್ಲಾಂದ್ರ ರಜಿಸ್ಟರ್ ಅಲ್ಲೇ ಇಟ್ಟು ಹೋಗ್ರಿ," ಅಂದ.

ಹರಿಣಾಕ್ಷಿ ಇಟ್ಟು ಹೊರಟಳು. ಲೋಕಲ್‌ನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಶಿವಾಜಿನಗರ ಬರುವವರೆಗೂ ಅತ್ತಳು.

ಮರುದಿನದಿಂದ ಒಬ್ಬಳೇ ಆ ಕಲ್ಲುಬಯಲಿಗೆ ಹೋಗಿ ಕುಳಿತಳು. ತಿಪ್ಪವ್ವನ ಆಕಳ ಹೆಣವನ್ನು ಹುಡುಕಬೇಕು, ಹದ್ದುಗಳು ಇಳಿದರೆ ಕಲ್ಲೆಸೆದಾದರೂ ಓಡಿಸಬೇಕು… ಬೆಳಗಿನಿಂದ ಸಂಜೆಯವರೆಗೆ ಕಾದಳು. ಒಂದು ದಿನ. ಎರಡು ದಿನ. ಐದು ದಿನ.

ಆಕಳ ಹೆಣ ಅಲ್ಲಿ ಇರಲೇ ಇಲ್ಲ. ಒಂದು ಹದ್ದೂ ಸಾಯಲಿಲ್ಲ.

ಹಾಗಾದರೆ ಆಕಳು ಎಲ್ಲಿ ಹೋಯಿತು?

ಆರನೇ ದಿನ ವಿಚಾರಿಸುತ್ತಾ ತಿಪ್ಪವ್ವನ ಗುಡಿಸಲಿಗೆ ಹೋದಳು. ಕಾರ್ಖಾನೆ ಕಟ್ಟುವ ಕೆಲಸಕ್ಕೆಂದು ವಿಜಾಪುರದ ಇಂಡಿ ಕಡೆಯಿಂದ ಬಂದು, ಒಂದೇ ಆಕಳು ಸಾಕಿ ಕಾಲೊನಿಗೆ ಹಾಲು ಹಾಕಿ ಬದುಕುತ್ತಿದ್ದ ಮುದುಕಿ ಅವಳು.

"ಆಕಳ ಸುದ್ದಿ ಕೇಳ್ತೀಯೇನ ಮಗಳ?" ತಿಪ್ಪವ್ವ ಸೆರಗಿನಿಂದ ಕಣ್ಣೊರೆಸಿದಳು. "ಕೆಚ್ಚಲ ಕಲ್ಲಾಗಿತ್ತವ್ವಾ. ಬ್ಯಾನಿಗೆ ನೆಲಕ್ಕ ತಲಿ ಬಡ್ಕೊಳ್ತಿತ್ತು. ಡಾಕ್ಟರ ಹತ್ರ ಹೊಸಾ ಸೂಜಿ ತೀರಿತ್ತಂತ. ಪ್ಯಾಟಿ ಅಂಗಡಿ ಎಲ್ಲಾ ತಿರಗಿ ಬಂದ, ಎಲ್ಲೂ ಸಿಗಲಿಲ್ಲ. ನಾನ ಕಾಲ ಹಿಡಕೊಂಡೆ. ಏನರ ಕೊಡಪ್ಪಾ, ಇದರ ಸಂಕಟ ನೋಡಾಕ ಆಗವಲ್ದು ಅಂತ. ಕೊಟ್ಟ. ಆ ಹಳೇ ಸೂಜಿ ಹಾಕುವಾಗ ಅಂವನ ಕಣ್ಣಾಗ ನೀರ ಇತ್ತು."

"ಆಮೇಲೆ, ಅಮ್ಮಾ? ಸತ್ತ ಮೇಲೆ?"

"ಬಾ, ತೋರಸ್ತೀನಿ."

ಗುಡಿಸಲ ಹಿಂದೆ ಒಂದು ಮಣ್ಣಿನ ದಿಬ್ಬ. ಮೇಲೆ ಸುಣ್ಣದ ಬಿಳಿ ಪುಡಿ. ಸುತ್ತ ಮುಳ್ಳಿನ ಬೇಲಿ.

"ಬಯಲಿಗೆ ಒಗೀಬ್ಯಾಡ್ರಿ, ಹದ್ದು ತಿಂದ್ರ ಸಾಯ್ತಾವ ಅಂದ. ತಾನ ಗುದ್ದಲಿ ಹಿಡದ. ಇಲ್ಲಿ ಎಲ್ಲಾ ಕಲ್ಲು ಮಗಳ! ಮುಂಜಾನಿಂದ ಸಂಜಿತನಾ ತೋಡಿದ. ಆಳು ಮುಳುಗೂವಷ್ಟು ತೆಗ್ಗು. ಅಂಗೈ ಒಡದು ಗುದ್ದಲಿ ಕಾವಿಗೆಲ್ಲಾ ರಕ್ತ! ಊರವರು ಸುತ್ತ ನಿಂತ ನಕ್ಕರು. ಡಾಕ್ಟರ ಆಗಿ ದನ ಹೂಳ್ತಾನ, ಹುಚ್ಚ ಅಂತ. ಅಂವ ತಲಿ ಎತ್ತಲಿಲ್ಲ."

ಹರಿಣಾಕ್ಷಿ ಆ ದಿಬ್ಬದ ಪಕ್ಕದಲ್ಲೇ ಕುಸಿದು ಕುಳಿತಳು.

ಅಂಗೈಗೆ ಸುತ್ತಿದ್ದ ಬಟ್ಟೆ! ಕಣ್ಣೆದುರೇ ಇತ್ತಲ್ಲ… ಒಂದು ಸಲ ಕೇಳಿದ್ದರೆ?

ಅವನು ಆ ಸಾಲನ್ನು ಬರೆಯದೆ ಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಬರೆದ. ಹೂತದ್ದನ್ನು ಬರೆಯದೆ, ತಪ್ಪನ್ನು ಮಾತ್ರ ಬರೆದ!

ಅವಳು ನೇರವಾಗಿ ದವಾಖಾನೆಗೆ ಓಡಿದಳು. ಬಸವಪ್ರಭು ಚೀಲ ಹೆಗಲಿಗೆ ಹಾಕಿಕೊಂಡು ಬೈಕ್ ಹತ್ತುತ್ತಿದ್ದ. ಹಿಂದೆ ಕೂರಲು ಒಬ್ಬ ರೈತ ಕಾಯುತ್ತಿದ್ದ.

"ಡಾಕ್ಟ್ರೇ, ನಾನು…"

ಬಸವಪ್ರಭು ಇಳಿದು ಒಳಗೆ ಹೋಗಿ ರಜಿಸ್ಟರ್ ತಂದು ಅವಳ ಕೈಗಿಟ್ಟ. ಮುಖ ನೋಡಲಿಲ್ಲ.

"ನನ್ನ ಮ್ಯಾಲಿನ ಸಿಟ್ಟಿಗೆ ಕೆಲಸ ನಿಲ್ಲಬಾರದು. ಒಯ್ರಿ. ಎಮ್ಮಿ ಈಯಾಕ ಆಗದ ಒದ್ದಾಡ್ಲಿಕ್ಕತ್ತದ, ನಾ ಹೊಂಟೆ."

ಬೈಕ್ ಹೋಗಿಬಿಟ್ಟಿತು. ಧೂಳಿನಲ್ಲಿ ನಿಂತವಳ ಬಾಯಲ್ಲಿ 'ಕ್ಷಮಿಸಿ' ಎಂಬ ಮಾತು ಹಾಗೇ ಉಳಿಯಿತು.

ಪತ್ರ ಬರೆದಳು. ಉತ್ತರ ಇಲ್ಲ. ಇನ್ನೊಂದು ಬರೆದಳು. ಅದಕ್ಕೂ ಇಲ್ಲ.

ಮೇ ತಿಂಗಳಲ್ಲಿ ಸುದ್ದಿ ಬಂತು. ದನಗಳಿಗೆ ಕೊಡುವ ಡೈಕ್ಲೋಫೆನಾಕ್ ತಯಾರಿಕೆ ನಿಲ್ಲಿಸಬೇಕೆಂದು ಸರ್ಕಾರದ ಆದೇಶ! ಅದರ ಹಿಂದೆ ಎಷ್ಟೋ ದೇಶಗಳ, ಎಷ್ಟೋ ಜನರ ಶ್ರಮವಿತ್ತು. ಪುಣೆಯ ಈ ಹುಡುಗಿಯದು ಅದರ ಮುಂದೆ ಒಂದು ಹಿಡಿ ಮಣ್ಣಿನಷ್ಟು ಕೆಲಸ. ಆದರೂ ಅವಳಿಗೆ ಕುಣಿಯಬೇಕೆನಿಸಿತು. ಯಾರ ಜೊತೆ ಕುಣಿಯುವುದು?

ಜೂನ್‌ನಲ್ಲಿ ಪುಣೆಯಲ್ಲೇ ಪಶುವೈದ್ಯರ ಸಭೆ. ಹರಿಣಾಕ್ಷಿ ತನ್ನ ಸಂಶೋಧನೆಯನ್ನು ಮಂಡಿಸಬೇಕಿತ್ತು. ಬಸವಪ್ರಭುವಿಗೂ ಆಮಂತ್ರಣ ಕಳಿಸಿದ್ದಳು. ಬರುತ್ತಾನೆಂಬ ಆಸೆ ಇರಲಿಲ್ಲ.

ವೇದಿಕೆ ಹತ್ತಿ ನೋಡಿದರೆ ಮೂರನೇ ಸಾಲಿನಲ್ಲಿ ಇಸ್ತ್ರಿ ಅಂಗಿ ಹಾಕಿದ ಅಪ್ಪ. ಹೋಟೆಲ್ ಬಿಟ್ಟು ಬಂದಿದ್ದರು! ಮತ್ತೆ… ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ…

ಬಸವಪ್ರಭು!

ಅವಳ ದನಿ ಒಂದು ಕ್ಷಣ ನಡುಗಿತು. ಆಮೇಲೆ ಗಟ್ಟಿಯಾಯಿತು. ಅವರು ಜೊತೆಯಾಗಿ ದುಡಿದ ಕಾಲದ ನಾನೂರ ಹದಿನೇಳು ದನಗಳ ವಿವರ ಪರದೆಯ ಮೇಲೆ ಮೂಡಿತು. ಹೊಸ ಔಷಧಿಯಿಂದ ಬಹುಪಾಲು ದನಗಳ ನೋವು ಇಳಿದಿತ್ತು. ಹಳೆಯದನ್ನು ಬಿಟ್ಟೂ ದನ ಉಳಿಸಬಹುದು ಎಂದು ಅವಳು ತೋರಿಸಿಕೊಟ್ಟಳು.

ಒಬ್ಬ ಹಿರಿಯ ವೈದ್ಯರು ಎದ್ದು ಕೇಳಿದರು. "ಇದರಲ್ಲಿ ಒಂದು ಸಾಲು ಹಳೆಯ ಔಷಧಿಯದು. ಪ್ರಯೋಗದ ನಿಯಮ ಮುರಿದವರ ಲೆಕ್ಕವನ್ನು ಯಾಕೆ ಇಟ್ಟುಕೊಂಡಿರಿ? ತೆಗೆದುಹಾಕಬಹುದಿತ್ತಲ್ಲ?"

ಕೊನೆಯ ಸಾಲಿನಲ್ಲಿ ಕುಳಿತವನು ತಲೆ ತಗ್ಗಿಸಿದ.

"ಸರ್, ಆ ಸಾಲನ್ನು ಬರೆದವರು ಡಾಕ್ಟರ್ ಬಸವಪ್ರಭು," ಹರಿಣಾಕ್ಷಿ ಸ್ಪಷ್ಟವಾಗಿ ಹೇಳಿದಳು. "ಒಂದು ಮೂಕ ಪ್ರಾಣಿಯ ಸಂಕಟ ನೋಡಲಾಗದೆ ಅವರು ಮಾತು ಮುರಿದರು. ಅದು ಸತ್ತಾಗ, ಒಂದು ಹದ್ದೂ ಅದನ್ನು ಮುಟ್ಟಬಾರದೆಂದು ಕಲ್ಲುನೆಲದಲ್ಲಿ ತಾವೇ ಗುಂಡಿ ತೋಡಿದರು. ಊರು ನಕ್ಕಿತು. ಅವರು ಯಾರಿಗೂ ಹೇಳಿಕೊಳ್ಳಲಿಲ್ಲ. ತಮ್ಮ ತಪ್ಪನ್ನು ಮಾತ್ರ ಬರೆದಿಟ್ಟರು."

ಅವಳ ಕಣ್ಣು ತುಂಬಿತು. ದನಿ ಮಾತ್ರ ತಗ್ಗಲಿಲ್ಲ.

"ಉಳಿದ ನಾನೂರ ಹದಿನಾರು ಸಾಲು ನಿಜ ಅಂತ ನಾನು ಇಲ್ಲಿ ತಲೆ ಎತ್ತಿ ಹೇಳುವುದು ಆ ಒಂದು ಸಾಲಿನ ಬಲದಿಂದ. ಅದನ್ನು ಅಳಿಸುವುದಿಲ್ಲ ಸರ್. ಅಂಥವರ ಜೊತೆ ಕೆಲಸ ಮಾಡಿದ್ದೇನೆ ಅನ್ನುವುದೇ ನನ್ನ ಹೆಮ್ಮೆ!"

ಪ್ರಶ್ನೆ ಕೇಳಿದ ಹಿರಿಯರೇ ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಇಡೀ ಸಭೆ. ಭುಜಂಗಣ್ಣ ಪಕ್ಕದವರ ತೋಳು ಹಿಡಿದು ಮರಾಠಿಯಲ್ಲಿ ಹೇಳುತ್ತಿದ್ದರು. "ನನ್ನ ಮಗಳು ಸಾಹೇಬ್ರೇ! ನನ್ನ ಮಗಳು!"

ಹೊರಗೆ ಮೆಟ್ಟಿಲ ಬಳಿ ಬಸವಪ್ರಭು ನಿಂತಿದ್ದ. ಹರಿಣಾಕ್ಷಿ ಓಡಿ ಬಂದು, ಎರಡು ಹೆಜ್ಜೆ ದೂರದಲ್ಲಿ ನಿಂತುಬಿಟ್ಟಳು.

"ಕ್ಷಮಿಸಿ… ನಾನು ಅವತ್ತು ಏನೂ ಕೇಳದೆ…"

"ನಾನೂ ಹೇಳಲಿಲ್ಲಲ್ರಿ. ಸೊಕ್ಕು ನನಗೂ ಇತ್ತು."

"ಎರಡು ಪತ್ರ ಬರೆದೆ. ಯಾಕೆ ಉತ್ತರ ಬರೆಯಲಿಲ್ಲ?"

"ಬರದೆ. ಹನ್ನೊಂದು ಸಲ ಬರದು ಹರದೆ."

"ಯಾಕೆ?"

ಅವನು ನೆಲ ನೋಡಿದ. ಕಿವಿ ಕೆಂಪಾಗಿತ್ತು. "ದನದ ಬಗ್ಗೆ ಬರ್ಯಾಕ ಕುಂತ್ರ ಕಡೀಕ ನಿಮ್ಮ ಬಗ್ಗೇನ ಬರೀತಿದ್ದೆ… ನಿಮ್ಮನ್ನ ಬಿಟ್ಟ ಇರಾಕ ಆಗೂದಿಲ್ಲ ಹರಿಣಾಕ್ಷಿ. ಅದನ್ನ ಹೆಂಗ ಪೋಸ್ಟಿಗೆ ಹಾಕ್ಲಿ?"

ಅವಳು ಅಳುತ್ತಲೇ ನಕ್ಕಳು. ಮುಂದೆ ಬಂದು ಅವನ ಎರಡೂ ಅಂಗೈ ತಿರುಗಿಸಿ ನೋಡಿದಳು. ಗಾಯ ಮಾಗಿತ್ತು. ಗುರುತು ಉಳಿದಿತ್ತು.

"ಹಾಕಬೇಕಿತ್ತು ಮಾರಾಯ್ರೆ," ಪಿಸುಗುಟ್ಟಿದಳು. "ನಾಲ್ಕು ತಿಂಗಳು ಪೋಸ್ಟ್‌ಮ್ಯಾನ್ ದಾರಿ ನೋಡಿದೆ ನಾನು."

"ಮಗಳೇ!" ಹಿಂದಿನಿಂದ ಭುಜಂಗಣ್ಣನ ದನಿ. ಇಬ್ಬರೂ ಬೆಚ್ಚಿ ಕೈ ಬಿಟ್ಟರು. "ಗುಂಡಿ ತೋಡಿದ ಡಾಕ್ಟ್ರು ಇವರೇನಾ? ಬನ್ನಿ, ಹೋಟೆಲಿಗೆ ಬಂದು ಊಟ ಮಾಡಿಯೇ ಹೋಗಬೇಕು. ನಮ್ಮ ಗಿರಾಕಿಗಳಿಗೆಲ್ಲ ನಿಮ್ಮನ್ನು ತೋರಿಸ್ಬೇಕು ನನಗೆ!"

ಅವರು ರಿಕ್ಷಾ ಕರೆಯಲು ಮುಂದೆ ಹೋದರು.

"ಗಿರಾಕಿಗಳಿಗೆ ಏನಂತ ತೋರಸ್ತಾರ್ರಿ ನಿಮ್ಮಪ್ಪ?" ಬಸವಪ್ರಭು ಮೆಲ್ಲಗೆ ಕೇಳಿದ.

"ನಿಮ್ಮನ್ನು ಏನಂತ ತೋರಿಸ್ಬೇಕು ಅಂತ ಉಂಟು ನಿಮಗೆ?"

"ಅಳಿಯ ಅಂದ್ರ… ನಡೀತದೇನು?"

ಹರಿಣಾಕ್ಷಿ ಮತ್ತೆ ಅವನ ಕೈ ಹಿಡಿದಳು. ಈ ಸಲ ಅಪ್ಪ ತಿರುಗಿ ನೋಡಿದರೂ ಬಿಡಲಿಲ್ಲ.

"ನಡೀತದೆ," ಅಂದಳು.